ಐದನೇ ಚುಕ್ಕೆ

ಟಕ್, ಟಕ್, ಫ್ಯಾನಿನ ಒಂದು ರೆಕ್ಕೆ ಎಲ್ಲಿಗೋ ತಾಗುತ್ತಿದೆ, ಈ ಶಾಲೆಯಲ್ಲಿ ಗಾಳಿಯೂ ತಾನು ಬಂದೆ ಎಂದು ಹೇಳಿಕೊಂಡೇ ಬರುವುದು, ಅದರ ಕೆಳಗೆ ಕಂಪ್ಯೂಟರ್ ಲ್ಯಾಬಿನ ಮೂಲೆಯಲ್ಲಿ ನಾನು, ನನ್ನ ಕಿವಿಯಲ್ಲಿ ಪರದೆಯನ್ನು ಓದಿ ಹೇಳುವ ಸಾಫ್ಟ್‌ವೇರ್, ಆ ಮೂಗಿನ ಇಂಗ್ಲಿಷಿನ ಗಂಡಸು, ನಾನು ಬರೆದದ್ದನ್ನೇ ನನಗೆ ಒಪ್ಪಿಸುತ್ತಾನೆ, ಸೆಮಿಕೋಲನ್, ರೈಟ್ ಬ್ರೇಸ್, ಬಿಝಿ, ನಾಟ್ ಬಿಝಿ, ಸೆಮಿಕೋಲನ್, ಇವನಿಗೆ ಒಂದಕ್ಷರ ಅರ್ಥವಾಗುವುದಿಲ್ಲ, ತಡವರಿಸುವುದೂ ಇಲ್ಲ, ಹೆಡ್‌ಮಾಸ್ಟ್ರಾಗಲು ಬೇಕಾದ ಗುಣವೆಲ್ಲ ಇವನಲ್ಲಿದೆ, ಹಿಂದೆ ಲ್ಯಾಬಿನ ಮಾಸ್ಟ್ರು ಕುಶಲ್ ಚಹಾ ಹೀರುವ ಸದ್ದು, ಅವನು ಮೊದಲೇ ಹೇಳಿದ್ದ, ಟೀಚರೇ ಈ ಯಂತ್ರದ್ದು ಹಾರ್ಡ್‌ವೇರಿನ ಕೆಲಸ, ಕಾಸರಗೋಡಿಗೆ ಕೊಂಡೋದ್ರೆ ಯಾರಾದ್ರೂ ಮಾಡಿ ಕೊಡ್ತಾರೆ, ಯಾರೂ ಮಾಡಿ ಕೊಡಲಿಲ್ಲ ಮಾರಾಯ, ಹಳೆಯ ಪ್ರಿಂಟರಿಗೆ ಇರುತ್ತಿದ್ದ ಪ್ಯಾರಲಲ್ ಪೋರ್ಟು ಎಂದ ಕೂಡಲೇ ಅಂಗಡಿಯವ ನಕ್ಕ, ಆ ಅಗಲ ಮೂತಿಯ ಕೇಬಲನ್ನು ಗುಜರಿಗೆ ಹಾಕಿ ಎಂದ, ನಕ್ಕದ್ದು ಕಣ್ಣಿದ್ದವ, ಮೂತಿ ತಡವಿ ಯಾವ ತಂತಿ ಎಲ್ಲಿ ಎಂದು ಹೇಳಿದ್ದು ನಾನು, ಬಿ.ಎಸ್ಸಿ.ಗೆ ಸೇರಿದ್ದು ಕಂಪ್ಯೂಟರ್ ಕಲಿಯಲಿಕ್ಕೆ, ಬೋರ್ಡಿನ ಅಕ್ಷರ ಮಂಜಾಗುತ್ತ ಬಂದದ್ದು ಆಗಲೇ, ಕಣ್ಣು ಪೂರ್ತಿ ಹೋದ ಮೇಲೆ ಎಲ್ಲರೂ ಸೇರಿ ನನ್ನನ್ನು ಬಿ.ಎ. ಕನ್ನಡಕ್ಕೆ ಕೂರಿಸಿದರು, ಕನ್ನಡವಾದರೆ ಕೇಳಿಕೊಂಡೂ ಪಾಸಾಗಬಹುದಂತೆ, ಕನ್ನಡದ ಮೇಲೆ ಇವರಿಗೆಲ್ಲ ಎಷ್ಟೊಂದು ಗೌರವ, ಹಾಗೆ ನಾನು ಹೈಸ್ಕೂಲಿನ ಕನ್ನಡ ಟೀಚರ್ ಜ್ಯೋತ್ಸ್ನಾ ಆದದ್ದು, ಪ್ರೋಗ್ರಾಂ ಬರೆಯುವ ಸಿ ಭಾಷೆಯನ್ನು ಮಾತ್ರ ನಾನು ಬಿಡಲಿಲ್ಲ, ಒಬ್ಬಳೇ ಕೂತು ಕಲಿತೆ.

ಈ ಯಂತ್ರ ಬ್ರೈಲ್ ಒತ್ತುವ ಯಂತ್ರ, ದಪ್ಪ ಕಾಗದದಲ್ಲಿ ಚುಕ್ಕೆ ಎಬ್ಬಿಸುತ್ತದೆ, ಮೊಗ್ರಾಲಿನ ರೋಶನ್ ಗಲ್ಫಿನಲ್ಲಿ ಮುಚ್ಚಿಹೋದ ಯಾವುದೋ ಸಂಸ್ಥೆಯ ಗೋದಾಮಿನಿಂದ ತಂದು ಶಾಲೆಗೆ ದಾನ ಮಾಡಿದ್ದು, ಅಂಧರ ಬಾಳಿಗೆ ಬೆಳಕು ಎಂದು ಬ್ಯಾನರು ಕಟ್ಟಿದ್ದರಂತೆ, ಫೋಟೋದವ ನನಗೆ ಹೇಳುತ್ತಾನೆ, ಟೀಚರ್ ಸ್ವಲ್ಪ ಇಲ್ಲಿ ನೋಡಿ, ನೋಡಿದೆ, ಎಲ್ಲಿಗೆಂದು ಅವನಿಗೇ ಗೊತ್ತು, ಬೆಳಕು ಬಂದು ಹೋಯಿತು, ಯಂತ್ರದ ಮೇಲೆ ಬಟ್ಟೆ ಬಿತ್ತು, ಆಯುಧಪೂಜೆಗೆ ಅದಕ್ಕೊಂದು ಮಾಲೆ, ಇದನ್ನು ನಡೆಸಲು ಡ್ರೈವರ್ ಇಲ್ಲ ಎಂದು ಪಿ.ಟಿ.ಎ. ಸಭೆಯಲ್ಲಿ ನಾನು ಹೇಳಿದರೆ ಅಧ್ಯಕ್ಷ ಮುದ್ದಣ್ಣ, ಡ್ರೈವರ್ ಹೊರಗಿಂದ ಎಂತಕ್ಕೆ, ನಮ್ಮ ಸ್ಕೂಲ್ ಬಸ್ಸಿನ ವಿಘ್ನೇಶ ಹಗಲಿಡೀ ಖಾಲಿ ಕೂತಿರ್ತಾನಲ್ಲ, ಮರುದಿನ ವಿಘ್ನೇಶ ಬಂದು ನಿಂತ, ಟೀಚರೇ ಎಂತ ಓಡಿಸ್ಲಿಕ್ಕೆ ಉಂಟು, ಪಾಪ, ಆ ಸಭೆಯ ಮಾತು ಕೇಳಿ ಕೆಲಸ ಮಾಡಲು ಬಂದವ ಅವನೊಬ್ಬನೇ, ಡ್ರೈವರ್ ಎಂದರೆ ಕಂಪ್ಯೂಟರಿಗೂ ಯಂತ್ರಕ್ಕೂ ನಡುವೆ ನಿಂತು ಮಾತು ದಾಟಿಸುವ ಪ್ರೋಗ್ರಾಂ ಎಂದು ಅವನಿಗೆ ಹೇಳಿದೆ, ಅವನಿಗೆ ಅರ್ಥವಾಯಿತು, ಮುದ್ದಣ್ಣನಿಗೆ ಈಗಲೂ ಇಲ್ಲ, ಒಂದು ತಂತಿಗೆ ಒಂದು ಚುಕ್ಕೆ, ಆರು ತಂತಿಯ ಮೇಲೆ ಆರು ಚುಕ್ಕೆ ಇಡಬೇಕು, ಇನ್ನೊಂದು ತಂತಿಯನ್ನು ಒಂದು ಕ್ಷಣ ಚಿವುಟಿ ತೆಗೆದುಕೋ ಎನ್ನಬೇಕು, ಯಂತ್ರ ಅದನ್ನು ಒತ್ತಿ ಮುಗಿಸುವ ತನಕ ಕಾಯಬೇಕು, ಮತ್ತೆ ಮುಂದಿನ ಅಕ್ಷರ, ಇಷ್ಟೇ, ಸಿಸ್ಟಮಿನಲ್ಲಿ ಮೊದಲೇ ಒಂದು ಡ್ರೈವರ್ ಇತ್ತು, ಅದು ಈ ಯಂತ್ರವನ್ನು ಕಂಡರೆ ಕಾಗದ ಇಲ್ಲ, ಕಾಗದ ಇಲ್ಲ ಎನ್ನುತ್ತದೆ, ಕಾಗದ ತುಂಬಿ ಕೂತಿದ್ದರೂ, ಕೌಂಟರಿನಲ್ಲಿ ಕೂತ ಗುಮಾಸ್ತನ ಹಾಗೆ, ಅದನ್ನು ಕಿತ್ತು ಹೊರಗೆ ಹಾಕಿ ನಾನು ನನ್ನದೇ ಬರೆಯುತ್ತಿದ್ದೇನೆ, ಮತ್ತೆ ಈ ಹನ್ನೊಂದನೇ ತಂತಿ, ನನಗೆ ಈಗ ಬಿಡುವಿಲ್ಲ ಎಂದು ಯಂತ್ರ ಹೇಳುವ ತಂತಿ, ಪೋರ್ಟು ಮಾಡಿದ ಪುಣ್ಯಾತ್ಮ ಅದೊಂದನ್ನು ತಲೆಕೆಳಗೆ ಇಟ್ಟಿದ್ದಾನೆ, ಒಂದು ಎಂದರೆ ಬಿಡುವು, ಸೊನ್ನೆ ಎಂದರೆ ಬಿಡುವಿಲ್ಲ, ಇದನ್ನು ತಿಳಿಯಲು ನನಗೆ ಒಂದು ವಾರದ ಖಾಲಿ ಪೀರಿಯಡೆಲ್ಲ ಹೋಯಿತು, ಅವನು ಎಲ್ಲಿಯಾದರೂ ಸಿಕ್ಕಿದರೆ ಅವನನ್ನೂ ತಲೆಕೆಳಗೆ ಇಡಬೇಕು.

ಹೆಡ್‌ಮಾಸ್ಟ್ರು ಮಹಾಗಣಪತಿ, ಮನಸ್ಸಿನಲ್ಲಿ ನಾನು ಅವನಿಗೆ ಏಕವಚನವೇ ಕೊಡುವುದು, ಬಾಯಲ್ಲಿ ಸರ್, ಒಳ್ಳೆಯವನು, ಅವನ ಒಳ್ಳೆಯತನವನ್ನೇ ನನ್ನಿಂದ ಸಹಿಸಲಿಕ್ಕಾಗುವುದಿಲ್ಲ, ಮಕ್ಕಳ ಮನೆಯಿಂದ ದೂರು ಬಂದಿದೆ ಎಂದ, ಟೀಚರ್ ಓದುವುದಲ್ಲ ಫೋನು ಓದುವುದು, ಟೀಚರ್ ಅದರ ಹಿಂದಿನಿಂದ ಹೇಳುವುದು ಅಂತ, ಸುಳ್ಳಲ್ಲ, ಕಿವಿಯಲ್ಲಿ ಫೋನು ಪಾಠ ಓದುತ್ತದೆ, ಒಂದು ಪದ ಹಿಂದೆ ನಾನು, ಅದು ಓಡಿದರೆ ಓಡಬೇಕು, ಅದು ನಿಂತಲ್ಲಿ ನಿಲ್ಲಬೇಕು, ಹಿಂದಿನ ಬೆಂಚಿನಲ್ಲಿ ನನ್ನ ಹಾಗೆ ಮಾಡಿ ನಗುವುದು ನನಗೆ ಕೇಳುತ್ತದೆ, ಕಿವಿಗೇನೂ ಆಗಿಲ್ಲವಲ್ಲ, ಇವತ್ತು ಮೂರನೇ ಪೀರಿಯಡಿಗೆ ಇನ್‌ಸ್ಪೆಕ್ಷನ್, ಬರುವ ಮೇಡಮ್ಮಿಗೆ ಮಲಯಾಳವಲ್ಲದೆ ಕನ್ನಡ ಬರುವುದಿಲ್ಲ, ಕನ್ನಡ ಕ್ಲಾಸು ನೋಡಲು ಕನ್ನಡ ಬಾರದವರು ಬರುವುದು ಇಲ್ಲಿ ಹೊಸತಲ್ಲ, ಟೀಚರ್ ಪುಸ್ತಕ ಇಟ್ಟುಕೊಂಡು ಓದಿ ಪಾಠ ಮಾಡುತ್ತಾರೋ ಇಲ್ಲವೋ ಎಂದು ಅವರು ಬರೆದುಕೊಂಡು ಹೋದರೆ ಮುಗಿಯಿತು, ಇಲ್ಲ ಎಂದಾದರೆ ಹತ್ತನೇ ಕ್ಲಾಸು ಹರಿನಾರಾಯಣ ಮಾಸ್ಟ್ರಿಗೆ, ನನಗೆ ಲೈಬ್ರರಿ, ಅಲ್ಲಿ ಆರಾಮ ಟೀಚರೇ, ಯಾರ ಕಿರಿಕಿರಿಯೂ ಇಲ್ಲ ಎಂದ, ಕುರುಡಿಯನ್ನು ಪುಸ್ತಕದ ಕೋಣೆಯಲ್ಲಿ ಕೂರಿಸುವ ಬುದ್ಧಿ ಯಾರಿಗೆ ಹೊಳೆಯಿತೋ, ನನಗೆ ಲೈಬ್ರರಿ ಬೇಡ, ನನಗೆ ಹತ್ತನೇ ಕ್ಲಾಸು ಬೇಕು, ಹೊಸ ಪಠ್ಯದ ಬ್ರೈಲ್ ಪುಸ್ತಕ ಕೇಳಿದ್ದಕ್ಕೆ ಎಲ್ಲಿಂದಲೋ ಮಲಯಾಳಂ ಪುಸ್ತಕ ಬಂತು, ಫೋನು ಮಾಡಿದರೆ ಆ ಕಡೆಯವ ಅರ್ಧಂಬರ್ಧ ಕನ್ನಡದಲ್ಲಿ, ಟೀಚರೇ ಬ್ರೈಲಲ್ಲವಾ, ಕುತ್ತು ಎಲ್ಲ ಒಂದೇ ಅಲ್ಲವಾ, ಕುತ್ತು ಎಂದರೆ ಚುಕ್ಕೆ, ನನಗೆ ಸಿಟ್ಟು ಬಂದದ್ದು ಅವ ಹೇಳಿದ್ದು ಅರ್ಧ ನಿಜವಾದ್ದರಿಂದ, ಕನ್ನಡದ ಕ, ಮಲಯಾಳದ ಕ, ಬ್ರೈಲಿನಲ್ಲಿ ಎರಡಕ್ಕೂ ಅವೇ ಚುಕ್ಕೆ, ಬೋರ್ಡಿನ ಅಕ್ಷರಕ್ಕೆ ಟಾರು ಬಳಿದು ಹೊಡೆದಾಡುವವರೆಲ್ಲ ಒಮ್ಮೆ ಬೆರಳು ಇಟ್ಟು ನೋಡಿದರೆ ಬಳಿಯಲು ಅಕ್ಷರವೇ ಸಿಗಲಿಕ್ಕಿಲ್ಲ, ಅಕ್ಷರ ಒಂದಾದರೆ ಮಾತು ಒಂದಾಗುತ್ತದೆಯೇ, ನಾನು ಮಾಡಬೇಕಾದದ್ದು ಕನ್ನಡ ಪಾಠ, ನಿನ್ನೆ ಮಹಾಗಣಪತಿ ಮೆಲ್ಲ ಬಾಗಿ ಹೇಳುತ್ತಾನೆ, ಬಾಯಲ್ಲಿ ಯಾವಾಗಿನ ಏಲಕ್ಕಿ ಪರಿಮಳ, ಯಾಕೆ ಟೀಚರೇ ಸುಮ್ಮನೆ ತಲೆಬಿಸಿ, ಆ ಮಲಯಾಳಂ ಪುಸ್ತಕ ಎದುರು ಇಟ್ಟು ಬೆರಳು ಆಡಿಸಿದ್ರೆ ಸಾಕು, ಕಿವಿಯ ಇಯರ್‌ಫೋನು ಕೂದಲಿನ ಒಳಗೆ ಇರ್ಲಿ, ನೋಡುವವರಿಗೆ ಎಂತ ಗೊತ್ತಾಗ್ತದೆ, ಸಹಾಯ ಮಾಡುತ್ತಿದ್ದೇನೆ ಎಂದೇ ಅವನು ತಿಳಿದಿದ್ದ, ಆಯ್ತು ಸರ್ ನೋಡುವ ಎಂದೆ, ಮೈಯೆಲ್ಲ ಅಸಹ್ಯವಾಯಿತು.

ಎಂಟರ್, ಡ್ರೈವರ್ ಸಿಸ್ಟಮಿಗೆ ಸೇರಿತು, ಮೂಗಿನವ ಏನೂ ಹೇಳಲಿಲ್ಲ, ಅವನು ಸುಮ್ಮನಿದ್ದರೆ ತಪ್ಪಿಲ್ಲ ಎಂದರ್ಥ, ಪರೀಕ್ಷೆಗೆ ಮರ ಎಂದು ಎರಡೇ ಅಕ್ಷರ ಕಳಿಸಿದೆ, ಕಡ್, ಕಡ್, ಮೇಜು ಅದುರಿತು, ಹಿಂದೆ ಕುಶಲ್ ಅಯ್ಯೋ ಎಂದ, ಚಹಾ ಚೆಲ್ಲಿರಬೇಕು, ಒಳ್ಳೆಯದಾಯಿತು, ಕಾಗದ ಎಳೆದು ಬೆರಳು ಇಟ್ಟರೆ ಶಠ, ಮರ ಅಲ್ಲ, ಶಠ, ಬೆರಳು ಅಲ್ಲೇ ನಿಂತಿತು, ಗಲ್ಫಿನಿಂದ ಬಂದ ಯಂತ್ರಕ್ಕೆ ಇಷ್ಟು ಒಳ್ಳೆಯ ಬೈಗುಳ ಹೇಗೆ ಗೊತ್ತು, ಮತ್ತೊಮ್ಮೆ ತಡವಿದೆ, ಎಡದ ಮೂರು ಚುಕ್ಕೆ ಬಲಕ್ಕೆ ಹೋಗಿದೆ, ಬಲದ್ದು ಎಡಕ್ಕೆ ಬಂದಿದೆ, ಮ ತಿರುಗಿದರೆ ಶ, ರ ತಿರುಗಿದರೆ ಠ, ಸೂಜಿ ಒತ್ತುವುದು ಕಾಗದದ ಬೆನ್ನಿನಿಂದ, ಓದುವುದು ಎದುರಿನಿಂದ, ತಂತಿಗಳ ಸಾಲನ್ನು ನಾನೇ ಹಿಂದುಮುಂದು ಬರೆದಿದ್ದೆ, ಆ ಬೈಗುಳ ನನಗೇ ಇರಬೇಕು, ಇರಲಿ, ಎರಡು ಸಾಲು ತಿದ್ದಿದೆ, ಮತ್ತೆ ಕಡ್, ಕಡ್, ಬೆರಳು ಇಟ್ಟೆ, ಮರ, ನೆಟ್ಟಗೆ ನಿಂತ ಮರ, ಒಬ್ಬಳೇ ನಕ್ಕುಬಿಟ್ಟೆ, ಈಗ ಪಾಠ ಹೋಗಲಿ, ದೋಣಿಯವನ ಪಾಠ, ಕಡಕಡಕಡ ಎಂದು ಸಾಲು ಸಾಲಾಗಿ ಇಳಿಯುತ್ತಿದೆ, ಸದ್ದಿಗೆ ಏಲಕ್ಕಿ ಬಂತು, ಅದರ ಹಿಂದೆ ಮಹಾಗಣಪತಿ ಬಂದ, ಮೊದಲ ಹಾಳೆ ಎತ್ತಿದ, ಅತ್ತ ಇತ್ತ ತಿರುಗಿಸಿದ ಸದ್ದು, ಬೆಳಕಿಗೆ ಹಿಡಿದನೋ ಏನೋ, ಎಂತ ಟೀಚರೇ, ಶಾಯಿ ಬರ್ಲಿಲ್ಲವಾ, ಇದಕ್ಕೆ ಶಾಯಿ ಇಲ್ಲ ಸರ್, ಓ, ಹಾಗಾದ್ರೆ ಭಾರಿ ಉಳಿತಾಯ ಮಾರಾಯ್ರೆ, ಈ ಮನುಷ್ಯನ ಎದುರು ನಾನು ಬರೀ ಉಬ್ಬುತಗ್ಗಿನ ಕಾಗದ ಇಟ್ಟಿದ್ದರೂ ನಡೆಯುತ್ತಿತ್ತು, ಇಷ್ಟು ದಿನ ಬರೆದದ್ದು, ಅಳಿಸಿದ್ದು, ತಂತಿ ಎಣಿಸಿದ್ದು ಯಾವುದೂ ಇವನಿಗಾಗಿ ಅಲ್ಲ, ಗಂಟೆ ಹೊಡೆಯಿತು, ಕೊನೆಯ ಹಾಳೆಗಳನ್ನು ತಡವಿ ನೋಡಲು ಹೊತ್ತಿಲ್ಲ, ಫೋನನ್ನು ಆಫ್ ಮಾಡಿ ಲ್ಯಾಬಿನ ಮೇಜಿನಲ್ಲೇ ಬಿಟ್ಟೆ, ಟೀಚರೇ ಫೋನು, ಕುಶಲ್ ಹಿಂದಿನಿಂದ ಕರೆದ, ಇರಲಿ ಮಾರಾಯ, ನೀನೇ ಕೇಳು.

ಹತ್ತನೇ ಕ್ಲಾಸು, ಬೆಂಚು ಸರಿದ ಸದ್ದು, ನಮಸ್ತೇ ಟೀಚರ್, ಹಿಂದೆ ಕುರ್ಚಿಯಲ್ಲಿ ಬಳೆ ಕಿಣಿಕಿಣಿ ಎಂದಿತು, ಅದು ಮೇಡಂ, ತುಡಂಙಿಕ್ಕೋಳು ಟೀಚರೇ, ಶುರು ಮಾಡಿ ಎಂದರ್ಥ, ಅವರ ಪಕ್ಕ ಏಲಕ್ಕಿ, ಹಾಳೆ ಮೇಜಿನ ಮೇಲೆ, ಬೆರಳು ಮೊದಲ ಸಾಲಿಗೆ, ಮಳೆಗಾಲದ ಹೊಳೆ, ಓದುತ್ತಿದ್ದೇನೆ, ನನ್ನ ಧ್ವನಿ, ಅದರ ಮುಂದೆ ಯಾರೂ ಓಡುತ್ತಿಲ್ಲ, ನನಗೆ ಬೇಕಾದಲ್ಲಿ ನಿಲ್ಲಬಹುದು, ಒಂದು ಕಡೆ ಬೇಕೆಂದೇ ನಿಂತು ನೋಡಿದೆ, ಹಿಂದಿನ ಬೆಂಚು ನಗಲಿಲ್ಲ, ಎಷ್ಟು ಸುಖ ಇದು, ಒಂದು ಹಾಳೆ, ಎರಡು ಹಾಳೆ, ಹೊಳೆ ಏರುತ್ತದೆ, ದೋಣಿ ವಾಲುತ್ತದೆ, ದೋಣಿಯವನ ಮಗಳು ದಂಡೆಯಲ್ಲಿ ಹಗ್ಗದ ತುದಿ ಹಿಡಿದು ನಿಂತಿದ್ದಾಳೆ, ಅವನು ಅವಳಿಗೆ ಕೂಗಿ ಹೇಳುತ್ತಾನೆ, ಹಗ್ಗ — ಬೆರಳು ನಿಂತಿತು, ಹಗ್ಗ ಏನು, ಎಡಕ್ಕೆ ಮೇಲೊಂದು ಚುಕ್ಕೆ, ಅದರ ಕೆಳಗೊಂದು, ಬಲಕ್ಕೆ, ಬಲಕ್ಕೆ ಇದೆಯೋ ಇಲ್ಲವೋ, ಐದನೇ ಚುಕ್ಕೆ, ಇದ್ದರೆ ಅದು ಹ, ಇಲ್ಲದಿದ್ದರೆ ಬ, ಇದ್ದರೆ ಹಗ್ಗ ಹಿಡಿ, ಇಲ್ಲದಿದ್ದರೆ ಹಗ್ಗ ಬಿಡಿ, ಹಿಂದಕ್ಕೆ ಹೋಗಿ ಮತ್ತೆ ಬಂದೆ, ಬೆರಳು ಅಲ್ಲೇ ನಿಂತಿತು, ಐದನೇ ತಂತಿಯನ್ನು ನನ್ನ ಡ್ರೈವರ್ ಬೇಗ ಬಿಟ್ಟಿತೇ, ಯಂತ್ರದ ಸೂಜಿ ಸವೆದಿದೆಯೇ, ಇಷ್ಟು ವರ್ಷ ಫೋನಿಗೆ ಕಿವಿ ಕೊಟ್ಟು ಕೊಟ್ಟು ನನ್ನ ಬೆರಳೇ ಮೊಂಡಾಯಿತೇ, ಇಷ್ಟು ಹೊತ್ತು ಎಲ್ಲರನ್ನೂ ಬೈದೆ, ಈಗ ಯಾರನ್ನು ಬೈಯಲಿ, ಪದ ನನಗೆ ಗೊತ್ತು, ಹಿಡಿ ಎಂದೇ, ಫೋನು ನೂರು ಸಲ ಓದಿ ಹೇಳಿದೆ, ಅಪ್ಪ ಮಗಳಿಗೆ ಬಿಡಿ ಎನ್ನುವುದಿಲ್ಲ, ಬಿಡು ಎನ್ನುತ್ತಾನೆ, ವ್ಯಾಕರಣವೂ ಹಿಡಿ ಎನ್ನುತ್ತದೆ, ಎದುರು ಇಡೀ ಕ್ಲಾಸಿನ ಪುಸ್ತಕದಲ್ಲಿ ಹಿಡಿ ಎಂದೇ ಉಂಟು, ಮುಂದಿನ ಬೆಂಚಿನ ಪೂಜಾಶ್ರೀ ಹೇಳಿಕೊಡಲು ಉಸಿರು ಎಳೆದಳು, ಬೇಡ ಮಗು, ಬಾಯಿ ಮುಚ್ಚು, ಹಿಡಿ ಎಂದು ಹೇಳಿ ಮುಂದೆ ಹೋದರೆ ಆಯಿತು, ಮೇಡಮ್ಮಿಗೆ ಗೊತ್ತಾಗುವುದಿಲ್ಲ, ಮಕ್ಕಳಿಗೆ ಗೊತ್ತಾಗುವುದಿಲ್ಲ, ಮಹಾಗಣಪತಿಗೆ ಏನೂ ಗೊತ್ತಾಗುವುದಿಲ್ಲ, ಬೆರಳು ಆಡಿಸಿದ್ರೆ ಸಾಕು ಟೀಚರೇ, ಬೆರಳು ಓದದ್ದನ್ನು ಬಾಯಿ ಹೇಳಿದರೆ ಅದು ಅವನು ಹೇಳಿಕೊಟ್ಟ ಪಾಠ, ಹೇಳುವುದಿಲ್ಲ, ಹೇಳದಿದ್ದರೆ ಹತ್ತನೇ ಕ್ಲಾಸು ಹೋಗುತ್ತದೆ, ಬಳೆ ಸದ್ದು ನಿಂತಿದೆ, ಪೆನ್ನಿನ ಸದ್ದು ಶುರುವಾಯಿತು, ನನಗೆ ಹೆದರಿಕೆಯಾಗುತ್ತಿದೆ, ಯಾರಾದರೂ ಕೆಮ್ಮಬಾರದೇ, ಹಗ್ಗ, ಮೇಲೊಂದು, ಅದರ ಕೆಳಗೊಂದು, ಬಲಕ್ಕೆ ಬೆರಳು, ಚುಕ್ಕೆಯೋ ಬರೀ ಕಾಗದವೋ, ಇನ್ನೊಮ್ಮೆ, ಹಗ್ಗ, ಮೇಲೊಂದು, ಕೆಳಗೊಂದು, ಬಲಕ್ಕೆ, ಬೆರಳು, ಬಲಕ್ಕೆ, ಬೆರಳು —