ಕೂಗು ಅಡಗಿಸಿದ ಸಾಲು

ಭಿಕೂಕಾಕಾ ಅಂದು ತೂಕಡಿಸಿರಲಿಲ್ಲ ಎಂಬುದು ಅವನನ್ನು ಬಿಟ್ಟರೆ ಇಡೀ ಭೋಸರಿ ಊರಿನಲ್ಲಿ ಇಬ್ಬರಿಗೇ ಗೊತ್ತಿತ್ತು: ಕುಲುಮೆಯ ಶಾಖ ತೋರಿಸುವ ಪ್ರೋಗ್ರಾಮ್ ಬರೆದ ವೈಜಯಂತಿಗೆ, ಅದನ್ನು ಕೆಡಿಸಿದ ಅವಳ ಮೇಲಧಿಕಾರಿ ದೇವಧರನಿಗೆ. ನಿಂಬಾಳ್ಕರರ ಕಾರ್ಖಾನೆಯ ಕುಲುಮೆ ಒಂಬೈನೂರು ಡಿಗ್ರಿ ದಾಟಿದರೂ ಕಂಪ್ಯೂಟರಿನ ಪರದೆ ಎಂಟುನೂರ ನಲವತ್ತನ್ನೇ ತೋರಿಸುತ್ತ ಕುಳಿತಿತ್ತು. ಒಳಗೆ ಕಾಯುತ್ತಿದ್ದ ಗಿಯರುಗಳೆಲ್ಲ ಹಾಳಾದವು. ಕುಲುಮೆ ಕಾಯುವ ಮುದುಕ ನಿದ್ದೆ ಹೋದನೆಂದು ಅವನನ್ನು ಕೆಲಸದಿಂದ ತೆಗೆದರು.

ಪರದೆಯ ವಿಷಯದಲ್ಲಿ ಒಂದು ಮಡಿ ಇದೆ. ಅದನ್ನು ಮುಟ್ಟುವ ಹಕ್ಕು ಪ್ರೋಗ್ರಾಮಿನೊಳಗೆ ಒಟ್ಟಿಗೆ ನಡೆಯುವ ಕೆಲಸದ ಎಳೆಗಳಲ್ಲಿ ಮುಖ್ಯ ಥ್ರೆಡ್‌ಗೆ ಮಾತ್ರ. ಹಿನ್ನೆಲೆಯಲ್ಲಿ ಶಾಖ ಓದುವ ಥ್ರೆಡ್ ತಾನು ತಂದ ಅಂಕಿಯನ್ನು ಅದರ ಕೈಗೆ ಕೊಟ್ಟು ದೂರ ನಿಲ್ಲಬೇಕು. ತಾನೇ ಒಳಗೆ ನುಗ್ಗಿದರೆ ಪ್ರೋಗ್ರಾಮ್ ತಪ್ಪೆಂದು ಕೂಗಿ ನಿಂತುಬಿಡುತ್ತದೆ. ಮೊದಲ ಸಲ ಆಫೀಸಿನಲ್ಲಿ ಹಾಗೆ ನಿಂತಾಗ ವೈಜಯಂತಿ ತಿದ್ದಲು ಸಮಯ ಕೇಳಿದ್ದಳು. ದೇವಧರ ಅವಳನ್ನು ಕುರ್ಚಿಯಿಂದ ಎಬ್ಬಿಸಿ, ಹಾಗೆ ಕೂಗುವ ತಪಾಸಣೆಯನ್ನೇ ನಿಲ್ಲಿಸುವ ಒಂದು ಸಾಲು ಬರೆದ. ಕೂಗು ನಿಂತಿತು, ತಪ್ಪು ನಿಲ್ಲಲಿಲ್ಲ; ಪರದೆಯ ಅಂಕಿ ಆಗಾಗ ಹಳೆಯದರಲ್ಲೇ ಸಿಕ್ಕಿಬೀಳತೊಡಗಿತು. ಬೊಗಳುತ್ತದೆಂದು ನಾಯಿಯ ಬಾಯಿ ಕಟ್ಟಿದವನಿಗೆ ಕಳ್ಳನ ಚಿಂತೆ ಎಲ್ಲಿಯದು?

ಈ ಸಲ ಅವಳು ಆ ಸಾಲನ್ನು ಕಿತ್ತು, ಎಲ್ಲವನ್ನೂ ಕ್ರಮವಾಗಿ ಬರೆದಳು. ನಿಂಬಾಳ್ಕರರ ಎದುರು ಓಡಿಸಿ, ಹಳೆಯದು ಸುಳ್ಳು ತೋರಿಸಿತ್ತೆಂದು ಒಪ್ಪಿಸಿಬಿಟ್ಟರೆ ಮುದುಕನಿಗೆ ಕೆಲಸ ಮರಳುತ್ತಿತ್ತು. ಬಾ ಎಂದು ಅವನಿಗೂ ಹೇಳಿ ಕಳಿಸಿದ್ದಳು. ಅವನು ಭಾಕರಿ ರೊಟ್ಟಿಯ ಡಬ್ಬಿ ಹಿಡಿದು ಗೇಟಿನ ಬಳಿ ಕಾಯುತ್ತಿದ್ದ.

ದೇವಧರನ ಕೈ ಸುಮ್ಮನಿರಬೇಕಲ್ಲ. ಕಾರ್ಖಾನೆಗೆ ಹೊರಡುವ ಮುಂಚೆ ಅವಳಿಗೆ ತಿಳಿಸದೆ, ಪರದೆಯ ಮೂಲೆಯಲ್ಲಿ ತಮ್ಮ ಕಂಪನಿಯ ಹೆಸರು ಮಿನುಗುವ ಏರ್ಪಾಟು ಸೇರಿಸಿದ್ದ, ಅದೂ ಹಿನ್ನೆಲೆಯ ಥ್ರೆಡ್‌ನಿಂದ. ನಿಂಬಾಳ್ಕರರು ಚಹಾ ಕುಡಿಯುತ್ತ ನೋಡುತ್ತಿದ್ದಂತೆ ಹೆಸರು ಮಿನುಗಲು ಹೋಯಿತು, ಪ್ರೋಗ್ರಾಮ್ ತಪ್ಪೆಂದು ಕೂಗಿ ನಿಂತಿತು.

"ಇದೇನ್ರೀ ದೇವಧರ? ಹಳೇದು ಒಂದಿನಾನೂ ಹಿಂಗ ನಿಂತಿರಲಿಲ್ಲಲ್ಲ," ಎಂದರು ನಿಂಬಾಳ್ಕರರು.

ವೈಜಯಂತಿಗೆ ತಡೆಯಲಾಗಲಿಲ್ಲ. "ನಿಂತಿತ್ರೀ ಸಾಹೇಬ್ರ. ಅಂಕಿ ನಿಂತದ್ದು ನಿಮಗ ಕಾಣಲಿಲ್ಲ, ಅಷ್ಟ. ಭಿಕೂಕಾಕಾ ನೋಡಿದ್ದು ಸುಳ್ಳು ಅಂಕಿ."

ದೇವಧರ ನಕ್ಕ. "ಕುಣೀಲಿಕ್ಕೆ ಬಾರದಾಕಿ ನೆಲ ಡೊಂಕು ಅಂದಳಂತ. ತಾ ಬರದದ್ದು ಓಡಲಿಲ್ಲ, ಹಳೇದಕ್ಕ ಹೆಸರಿಡತಾಳ."

ನಿಂಬಾಳ್ಕರರೂ ನಕ್ಕರು. ಆ ನಗುವಿನಲ್ಲಿ ಮುದುಕನ ಅನ್ನ ಹೋಯಿತು. ದೇವಧರ ಅದೇ ಹಳೆಯ ಸಾಲನ್ನು ಮತ್ತೆ ಬರೆದ. ಕಂಪನಿಯ ಹೆಸರು ಚೆಂದವಾಗಿ ಮಿನುಗಿತು. ಪಕ್ಕದಲ್ಲಿ ಎಂಟುನೂರ ನಲವತ್ತು. ಅದು ಈಗಿನ ಶಾಖವೋ ಆಗಿನದೋ ಎಂದು ಯಾರೂ ಕೇಳಲಿಲ್ಲ. ಅಲ್ಲಿ ಉಸಿರಾಡುವುದೂ ಹೇಸಿಗೆಯೆನಿಸಿ ವೈಜಯಂತಿ ಹೊರಗೆ ಬಂದಳು.

ಗೇಟಿನಲ್ಲಿ ಭಿಕೂಕಾಕಾ ಅವಳ ಮುಖ ನೋಡಿದ. "ಏನಾತು ಪೋರಿ? ಮತ್ತ ನಿಂತಿತೇನು?"

"ಇಲ್ಲ ಕಾಕಾ," ಎಂದಳು. "ಓಡಾಕತ್ತೈತಿ."

ಮುದುಕನ ಮುಖ ಅರಳಿತು. ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೇಳಿದ, "ಹಂಗಾರ ನಾ ಒಳಗ ಹೋಗಲೇನು?"