ಪಕ್ಕಕ್ಕೆ ಬೀಳುವ ಪಟ್ಟು

ಚಟ್ಟ ಕಟ್ಟಿ ಮುಗಿದ ಮೇಲೂ ಮುನಿಕೃಷ್ಣ ಇನ್ನೊಂದು ಬಿದಿರನ್ನು ಸವರುತ್ತಿದ್ದ. ಗಿಣ್ಣುಗಳನ್ನು ನಯಮಾಡಿ, ಅಂಗೈಗೆ ಬಡಿದು ನೋಡಿ, ಗೋಡೆಗೆ ಒರಗಿಸಿದ. ಗಂಡ ಕದಿರೇಶನ ಹೆಣದ ತಲೆಯ ಬಳಿ ಕುಳಿತಿದ್ದ ಚಂದನ ಅದನ್ನು ನೋಡಿದಳು.

ಭಾವ ಮುನಿಕೃಷ್ಣ ಅದನ್ನು ಇಟ್ಟುಕೊಂಡದ್ದು ತನ್ವೀರನಿಗಾಗಿ.

ಕ್ಯಾಲನೂರಿನ ಎಲ್ಲರ ಮೊಬೈಲಿನಲ್ಲೂ ಆ ವಿಡಿಯೋ ಇತ್ತು. ಕದಿರೇಶ ಜೂಡೋ ಕಲಿಸುತ್ತಿದ್ದ ಹಳೇ ರೇಷ್ಮೆಹುಳು ಮನೆ. ಅವನೂ ಶಿಷ್ಯ ತನ್ವೀರನೂ ಅಂಗಿ ಹಿಡಿದು ನಿಲ್ಲುತ್ತಾರೆ. ಕದಿರೇಶ ಪಕ್ಕಕ್ಕೆ ಬೀಳುತ್ತಾನೆ. ತನ್ವೀರ್ ಅವನ ಮೇಲಿಂದ ಆಚೆ ಉರುಳಿ ಎದ್ದು ನಿಲ್ಲುತ್ತಾನೆ. ಕದಿರೇಶ ಏಳುವುದಿಲ್ಲ.

ಹೃದಯ ನಿಂತು ಸತ್ತ ಎಂದು ಡಾಕ್ಟರು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಬಿದ್ದವನನ್ನು ನಿಂತವನು ಕೆಡವಿದ, ಊರಿನ ಲೆಕ್ಕ ಅಷ್ಟೇ.

ಮಣ್ಣು ಮಾಡಿ ಮುಗಿಯುವವರೆಗಾದರೂ ತಡೆದುಕೋ ಎಂದು ಸೋದರಮಾವ ಆಂಜಿನಪ್ಪ ಮುನಿಕೃಷ್ಣನಿಗೆ ಹೇಳಿ ನೋಡಿದರು.

"ಸತ್ತಿರೋನು ಅವ್ನ ಗುರು ಅಲ್ವಾ ಮಾಮ, ಬಂದೇ ಬರ್ತಾನೆ. ಬರ್ಲಿ," ಎಂದ ಮುನಿಕೃಷ್ಣ.

ತನ್ವೀರನಿಗೆ ಬರಬೇಡ ಎಂದು ಹೇಳೋಣವೆಂದರೆ ಚಂದನಳ ಫೋನು ಭಾವನ ಜೇಬಿನಲ್ಲಿತ್ತು.

*

ಮದುವೆಯಾದ ಹೊಸತರಲ್ಲಿ ಕದಿರೇಶ ನಡುಮನೆಯಲ್ಲಿ ಹಾಸಿಗೆ ಹಾಸಿ, ಪಕ್ಕಕ್ಕೆ ಬೀಳುವ ಆ ಪಟ್ಟನ್ನು ತೋರಿಸಿದ್ದ.

"ನಾನೇ ಮೊದ್ಲು ಬೀಳ್ತೀನಿ ಕಣೇ. ಬೀಳ್ತಾನೇ ನಿನ್ನ ಎಳೆದು ನನ್ನ ಮೇಲಿಂದ ಆಚೆ ಎಸೀತೀನಿ."

"ಬಿದ್ದೋರೇ ಗೆಲ್ಲೋ ಆಟ ಎಲ್ಲಾದ್ರೂ ಉಂಟಾ?"

ಅವಳ ಸರದಿ ಬಂದಾಗಲೆಲ್ಲ ನೆಲ ಹತ್ತಿರವಾಗುತ್ತಲೇ ಕಾಲೂರಿಬಿಡುತ್ತಿದ್ದಳು. ಅಷ್ಟು ಭಯ.

"ಅರ್ಧ ಬೀಳ್ಬೇಡ. ಅರ್ಧ ಬಿದ್ರೆ ಇಬ್ರಿಗೂ ಏಟು," ಎಂದು ಅವನು ನಗುತ್ತಿದ್ದ.

*

ತಮಟೆ ನಿಂತಿತು. ಅಂಗಳದ ಬಾಯಲ್ಲಿ ತನ್ವೀರ್ ಹಾರ ಹಿಡಿದು ಬರಿಗಾಲಲ್ಲಿ ನಿಂತಿದ್ದ. ಮುನಿಕೃಷ್ಣ ಬಿದಿರು ತೆಗೆದುಕೊಂಡ. ಅವನ ಹಿಂದೆ ನಾಲ್ಕಾರು ಮಂದಿ ಎದ್ದರು.

"ಭಾವ, ಇವನು ಕೆಡವಿಲ್ಲ. ಇವನನ್ನ ಎಸೆದಿದ್ದು ಅವರೇ," ಎಂದಳು ಚಂದನ.

"ನೀನು ಒಳಗೆ ಹೋಗಮ್ಮ."

ಮಾತು ಅಲ್ಲಿಗೆ ಮುಗಿದಿತ್ತು. ಚಂದನ ಒಳಗೆ ಹೋಗದೆ ತನ್ವೀರನ ಎದುರು ಹೋಗಿ ನಿಂತು, ಅವನ ತೋಳನ್ನೂ ಕೊರಳಪಟ್ಟಿಯನ್ನೂ ಹಿಡಿದಳು. ಹೆಂಗಸರ ಅಳು ಗಕ್ಕನೆ ನಿಂತಿತು.

"ಅಕ್ಕ, ಬೇಡ." ತನ್ವೀರ್ ಹಿಂದೆ ಸರಿಯಲು ನೋಡಿದ.

"ಹಿಡ್ಕೋ."

ಅವನು ಅವಳ ರವಿಕೆ ತೋಳಿನ ಅಂಚನ್ನಷ್ಟೇ ಹಿಡಿದ. ಬೆನ್ನ ಹಿಂದೆ ಹೆಜ್ಜೆಗಳು ಹತ್ತಿರವಾದವು. ಚಂದನ ಕಣ್ಣು ಮುಚ್ಚಿ, ಕಾಲು ಚಾಚಿ, ಅವನನ್ನು ಎಳೆದುಕೊಂಡು ಪಕ್ಕಕ್ಕೆ ಪೂರ್ತಿ ಬಿದ್ದಳು.

ತನ್ವೀರ್ ಅವಳ ಮೇಲಿಂದ ಹಾರಿ ಚಟ್ಟದ ಪಕ್ಕ ಉರುಳಿದ. ಅಂಗೈ ನೆಲಕ್ಕೆ ಬಡಿದ ಸದ್ದಾಯಿತು. ಅಭ್ಯಾಸಬಲದಿಂದ ಎದ್ದು ನಿಂತ. ಚಂದನ ಏಳಲಿಲ್ಲ. ಭುಜ ಉರಿಯುತ್ತಿತ್ತು, ಬಾಯಲ್ಲಿ ಮಣ್ಣಿತ್ತು.

ಮಗನ ಕಾಲ ಬಳಿ ಕುಳಿತಿದ್ದ ಅತ್ತೆ ಭಾರತಮ್ಮನ ಒಡೆದ ದನಿ ಕೇಳಿತು.

"ಬಿದ್ದಿರೋಳು ಇವ್ಳು. ಅವನ್ನ ಎತ್ತಿ ಎಸೆದಿದ್ದೂ ಇವ್ಳೇ ಕಣೋ, ಮುನಿ."

ನೆಲದಿಂದ ಚಂದನಳಿಗೆ ಕಂಡದ್ದು ಭಾವನ ಪಾದಗಳು ಮಾತ್ರ. ಅವು ತನ್ವೀರನ ಕಡೆ ಇನ್ನೊಂದು ಹೆಜ್ಜೆ ಇಟ್ಟು ನಿಂತವು. ಹೆಬ್ಬೆರಳುಗಳು ಮಣ್ಣನ್ನು ಕಚ್ಚಿ ಹಿಡಿದವು. ಅವುಗಳ ಪಕ್ಕ ಬಿದಿರು ಬಿತ್ತು. ಆಮೇಲೆ ಪಾದಗಳು, ಒಂದರ ಹಿಂದೆ ಒಂದು, ಅವಳ ಕಡೆ ತಿರುಗಿದವು.