ನರ್ಸಮ್ಮ ಮುಚ್ಚಿದ ಬೆರಳು

ನರ್ಸಮ್ಮ ಆಸ್ಪತ್ರೆಯಿಂದ ನಿವೃತ್ತಳಾಗಿ ಆರು ವರ್ಷವಾಗಿತ್ತು, ಆದರೆ ಅವಳ ಕೈಗೆ ಸುಮ್ಮನಿರಲು ಬರುತ್ತಿರಲಿಲ್ಲ. ಪ್ರತಿ ಗುರುವಾರ ಬೆಳಿಗ್ಗೆ ಚರ್ಚಿನ ಪಕ್ಕದ ಕೋಣೆಯಲ್ಲಿ ಸಕ್ಕರೆ ಕಾಯಿಲೆಯವರ ಪಾದ ತೊಳೆದು, ಹುಣ್ಣಿಗೆ ಪಟ್ಟಿ ಕಟ್ಟುತ್ತಿದ್ದಳು. ಶಿಷ್ಯರ ಕಾಲು ತೊಳೆದ ಸ್ವಾಮಿಗೆ ಇದಕ್ಕಿಂತ ದೊಡ್ಡ ಆರಾಧನೆ ಇಲ್ಲವೆಂದು ಅವಳ ನಂಬಿಕೆ. ನಂಬಿಕೆ ನಿಜವಾದದ್ದೇ. ಆದರೆ ಹೊಗಳಿಕೆ ಯಾರಿಗೆ ಬೇಡ? ಬಾಯಲ್ಲಿ "ಎಲ್ಲಾ ದೇವರ ಕೃಪೆ" ಎನ್ನುತ್ತಾ ಕಿವಿಯನ್ನು ಮಾತ್ರ ಅಗಲವಾಗಿ ತೆರೆದಿಟ್ಟುಕೊಳ್ಳುತ್ತಿದ್ದಳು.

ಎಡವಟ್ಟಾದದ್ದು ಬಿಷಪ್ ಬಂದ ಗುರುವಾರ. ಜೊತೆಗೆ ಕ್ಯಾಮೆರಾದವನೂ ಬಂದಿದ್ದ. ಸ್ಟೂಲಿನ ಮೇಲೆ ಬೀಗ ರಿಪೇರಿಯವನು ಬಲಗಾಲು ಚಾಚಿ ಕೂತಿದ್ದ. ವರ್ಷಗಳಿಂದ ಬರುವವನು, ಮಾತಿನ ಮಲ್ಲ.

"ಅಮ್ಮಾ, ಎಂಥಾ ಬೀಗ ಆದ್ರೂ ತೆಗೀತೀನಿ, ನನ್ನ ಹೆಂಡ್ತಿ ಸಕ್ಕರೆ ಡಬ್ಬಕ್ಕೆ ಹಾಕಿರೋದೊಂದು ಬಿಟ್ಟು!"

ನಗುತ್ತಲೇ ಬೆರಳು ಬಿಡಿಸಿದವಳಿಗೆ ಕಿರುಬೆರಳಿನ ಬುಡ ಕಪ್ಪಾಗಿದ್ದುದು ಕಂಡಿತು. ಒತ್ತಿದರೂ ಅವನಿಗೆ ಗೊತ್ತಾಗಲಿಲ್ಲ. ಮೂವತ್ತು ವರ್ಷ ವಾರ್ಡಿನಲ್ಲಿ ದುಡಿದವಳಿಗೆ ಅದೇನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಆಗಲೇ ಚೀಟಿ ಬರೆದು ಆಸ್ಪತ್ರೆಗೆ ಅಟ್ಟಬೇಕಿತ್ತು. ಅಷ್ಟರಲ್ಲಿ ಕ್ಯಾಮೆರಾದವನು "ನರ್ಸಮ್ಮ, ಇತ್ತ ನೋಡಿ" ಎಂದ. ಬಿಷಪ್ಪರ ಮುಂದೆ ಕೊಳೆತ ಬೆರಳೇ? ಅವಳು ಹೊಸ ಬಿಳಿ ಪಟ್ಟಿಯನ್ನು ಬೆರಳು ಕಾಣದಂತೆ ಸುತ್ತಿ ನಕ್ಕಳು. ಸಂಜೆ ನೆನಪಾಯಿತು. ಅವನ ಮನೆ ಎರಡೇ ಬೀದಿ ಆಚೆ. ಆದರೆ ಈಗ ಹೋಗಿ ಹೇಳಿದರೆ, ಬೆಳಿಗ್ಗೆಯೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ! ಮುಂದಿನ ವಾರ ನೋಡಿದರಾಯಿತು ಎಂದು ಸುಮ್ಮನಾದಳು.

ಮುಂದಿನ ಗುರುವಾರ ಅವನು ಬರಲಿಲ್ಲ. ಜ್ವರ ಬಂದು ಆಸ್ಪತ್ರೆ ಸೇರಿದ್ದ. ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದ್ದರು.

ಸುದ್ದಿ ಕೇಳಿದ್ದೇ ನರ್ಸಮ್ಮ ಪಾದ್ರಿಗಳ ಬಳಿ ಓಡಿಹೋಗಿ ಎಲ್ಲ ಹೇಳಿಕೊಂಡಳು. ಅವರು ಒಳ್ಳೆಯವರು, ಅದೇ ತೊಂದರೆ.

"ದೇವರ ಮುಂದೆ ಒಪ್ಕೊಂಡ್ರಲ್ಲ, ಸಾಕಮ್ಮ. ಆ ಮನೆಯವರಿಗೆ ಹೇಳಿ ಗಾಯದ ಮೇಲೆ ಬರೆ ಎಳೆಯೋದ್ಯಾಕೆ? ಜನ ನಿಮ್ಮ ಹತ್ರ ಬರೋದೇ ನಿಲ್ಲಿಸಿದ್ರೆ ಇಷ್ಟು ಜನರ ಕಾಲು ಯಾರು ನೋಡ್ತಾರೆ?"

ಮಾತಿನಲ್ಲಿ ನ್ಯಾಯವಿತ್ತು. ಅದನ್ನೇ ಹಿಡಿದುಕೊಂಡು ಮೂರು ದಿನ ತಳ್ಳಿದಳು. ಪ್ರಾರ್ಥನೆಗೆ ಕೂತರೆ ಬಾಯಿಗೆ ಬರುತ್ತಿದ್ದುದು ಒಂದೇ ಮಾತು: ಸ್ವಾಮೀ, ಅವತ್ತು ನಾನು ಪಟ್ಟಿ ಕಟ್ಟಿದ್ದು ನಿನಗಲ್ಲ, ಕ್ಯಾಮೆರಾಕ್ಕೆ.

ನಾಲ್ಕನೆಯ ದಿನ ಆಸ್ಪತ್ರೆಗೆ ಹೋದಳು. ಬೀಗದವನು ನಿದ್ದೆಯಲ್ಲಿದ್ದ, ಹೊದಿಕೆ ಒಂದು ಕಡೆ ಚಪ್ಪಟೆಯಾಗಿತ್ತು. ಅವನ ಹೆಂಡತಿ ಎದ್ದುಬಂದು ಎರಡೂ ಕೈ ಹಿಡಿದುಕೊಂಡಳು. ದಿಂಬಿನಡಿಯಿಂದ ಚರ್ಚಿನ ಪತ್ರಿಕೆ ತೆಗೆದಳು.

"ನೋಡಿ ಅಕ್ಕಾ, ಫೋಟೋ ಎಷ್ಟು ಚೆನ್ನಾಗಿ ಬಂದಿದೆ. ಒಡಹುಟ್ಟಿದವರೇ ಮುಟ್ಟದ ಕಾಲು, ನೀವು ಮುಟ್ಟಿದ್ರಿ. ಈ ಜನ್ಮದಲ್ಲಿ ಮರೆಯಲ್ಲ."

ನರ್ಸಮ್ಮನಿಗೆ ಕೆನ್ನೆಗೆ ಬಾರಿಸಿದಂತಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಹೊಗಳಬೇಡಮ್ಮಾ. ಆ ಪಟ್ಟಿ ಕೆಳಗೆ ಬೆರಳು ಕಪ್ಪಾಗಿತ್ತು. ನಾನು ನೋಡ್ದೆ. ಫೋಟೋ ಚೆನ್ನಾಗಿ ಬರ್ಲಿ ಅಂತ ಮುಚ್ಚಿದೆ. ಅವತ್ತೇ ಕಳಿಸಿದ್ರೆ ಬೆರಳು ಹೋಗ್ತಿತ್ತೇನೋ, ಕಾಲು ಉಳೀತಿತ್ತು."

ಹೆಂಡತಿ ಕೈ ಬಿಟ್ಟಳು. ಪತ್ರಿಕೆ ನೋಡಿದಳು, ಹೊದಿಕೆ ನೋಡಿದಳು. ಬಾಯಿಗೆ ಬಂದಂತೆ ಬೈದಿದ್ದರೆ ನರ್ಸಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ.

"ಕ್ಷಮಿಸು ಅಂತ ಮಾತ್ರ ಕೇಳ್ಬೇಡಿ. ನನ್ನ ಕೈಲಾಗಲ್ಲ."

"ಕೇಳಲ್ಲ."

ಹೆಂಡತಿ ಮಂಚದ ಕೊನೆಗೆ ಹೋಗಿ ಹೊದಿಕೆ ಸರಿಸಿದಳು. ಎಡಪಾದ ಕಂಡಿತು.

"ಇದೊಂದು ಉಳಿದಿದೆ. ಇದನ್ನ ನೋಡೋಕೆ ನನಗೆ ಬರಲ್ಲ, ನಿಮಗೆ ಬರುತ್ತೆ. ದಿನಾ ಬನ್ನಿ. ಕಂಡಿದ್ದನ್ನ ಕಂಡ ಹಾಗೇ ಹೇಳಿ, ಹೊರಟುಹೋಗಿ. ಬೇರೆ ಮಾತು ಬೇಡ."

ನರ್ಸಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. ಬೆರಳುಗಳ ಸಂದಿಯನ್ನು ಒಂದೊಂದಾಗಿ ಬಿಡಿಸಿ ನೋಡಿದಳು.

"ಹಿಮ್ಮಡಿ ಒಡೆದಿದೆ, ಆಳ ಇಲ್ಲ. ಹೆಬ್ಬೆರಳಿನ ಉಗುರು ಒಳಕ್ಕೆ ಬೆಳೆದು ಕೀವು ಕಟ್ಟಿದೆ. ಡಾಕ್ಟರು ನೋಡ್ಬೇಕು."

"ಯಾವಾಗ?"

"ಈಗಲೇ," ಎಂದು ನರ್ಸಮ್ಮ ಡಾಕ್ಟರನ್ನು ಕರೆತರಲು ಓಡಿದಳು.